ನಾಲ್ಕು ಕವಡೆಯಿಂದ ಪ್ರೊಸೆಸರ್‌ವರೆಗೆ: ಕೂಡುವ, ಕಳೆಯುವ ಯಂತ್ರವನ್ನು ಮನೆಯಲ್ಲೇ ಕಟ್ಟುವ ಸಮಗ್ರ ಮಾರ್ಗದರ್ಶಿ

ಪ್ರೊಸೆಸರ್ ಒಳಗೆ ಕಳೆಯುವುದಕ್ಕೆ ಅಂತ ಸಾಮಾನ್ಯವಾಗಿ ಬೇರೆ ಸರ್ಕ್ಯೂಟ್ ಇಡುವುದಿಲ್ಲ. ಕೂಡುವ ಸರ್ಕ್ಯೂಟೇ ಕಳೆಯುತ್ತದೆ. ಡಿಪ್ಲೊಮಾ ಓದುವಾಗ ನನಗೆ ಇದನ್ನು "ಎಲ್ಲ ಬಿಟ್ ತಿರುಗಿಸಿ ಒಂದು ಕೂಡಿಸಿ" ಅಂತ ಒಂದೇ ಸಾಲಿನಲ್ಲಿ ಬರೆಸಿದ್ದರು. ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಜಾಗ, ತಿರುಗಿಸುವುದು ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡುವುದು. ಯಾಕೆ ತಿರುಗಿಸಬೇಕು, ಆ ಒಂದು ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ನಿಜವಾಗಿ ಅರ್ಥವಾಗಿದ್ದು ಎಷ್ಟೋ ವರ್ಷ ಆದಮೇಲೆ, ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ, ಜುಲೈ ಮಳೆಗೆ ಕರೆಂಟ್ ಹೋಗಿದ್ದ ಒಂದು ಮಧ್ಯಾಹ್ನ, ಅಕ್ಕನ ಮಗಳಿಗೆ ಪರೀಕ್ಷೆಗೆ ಹೇಳಿಕೊಡುತ್ತ ಚೌಕಾಬಾರದ ಕವಡೆ ಎದುರಿಗೆ ಹರಡಿಕೊಂಡು ಕೂತಾಗ.

ಅವತ್ತು ನಾವಿಬ್ಬರು ಶುರು ಮಾಡಿದ್ದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಮೊದಲು ಕವಡೆ, ಆಮೇಲೆ ಐಸಿ, ಅಂದರೆ ಒಳಗೆ ಸರ್ಕ್ಯೂಟ್ ಇರುವ ಪುಟ್ಟ ಚಿಪ್. ಕವಡೆಯ ಭಾಗ ಬಿಟ್ಟು ನೇರವಾಗಿ ವೈರ್ ಚುಚ್ಚಲು ಹೋಗಬೇಡಿ. ವೈರ್ ತಪ್ಪಾದಾಗ ಎಲ್ಲಿ ತಪ್ಪಿದೆ ಅಂತ ಹುಡುಕಲು ಬೇಕಾಗುವುದು ಕವಡೆಯಲ್ಲಿ ಕಲಿತ ಲೆಕ್ಕವೇ.

ಕವಡೆ ಹಾಸಿಕೊಳ್ಳಿ

ಒಂದಿಪ್ಪತ್ತು ಕವಡೆ ಬೇಕು. ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಬದಿ ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳಿ, ಹಳ್ಳಿಗಳಲ್ಲಿ ಹಿಂದಿನಿಂದಲೂ ಹಾಗೇ ಆಡುತ್ತ ಬಂದಿದ್ದಾರೆ. ಅಂಗಾತ ಇದ್ದರೆ 1. ಬೋರಲು ಇದ್ದರೆ 0.

ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದು ಎಷ್ಟು ಅಂಗಾತ ಬಿತ್ತು ಅಂತ ಮಾತ್ರ ಎಣಿಸುತ್ತೇವೆ, ಯಾವುದು ಎಲ್ಲಿ ಬಿತ್ತು ಅಂತ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಐದೇ ಐದು ಥರದ ಫಲ. ಇಲ್ಲಿ ಕವಡೆ ಕೂತ ಜಾಗಕ್ಕೂ ಬೆಲೆ ಇದೆ. ಬಲಗಡೆಯದು 1, ಅದರ ಎಡಕ್ಕೆ 2, ಮುಂದೆ 4, ಕೊನೆಗೆ 8. ಅದೇ ನಾಲ್ಕು ಕವಡೆಯಿಂದ ಈಗ 0ರಿಂದ 15ರವರೆಗೆ ಹದಿನಾರು ಸಂಖ್ಯೆ ಸಿಗುತ್ತವೆ. ಬೋರಲು, ಅಂಗಾತ, ಬೋರಲು, ಅಂಗಾತ ಅಂದರೆ 0101. ನಾಲ್ಕು ಮತ್ತು ಒಂದು, ಐದು.

ಈಗ ಕೂಡಿ. 0101 ಸಾಲಿನ ಕೆಳಗೆ 0110, ಅಂದರೆ 6 ಇಡಿ. ಬಲದಿಂದ ಶುರು ಮಾಡಿ ಒಂದೊಂದೇ ಕಂಬಸಾಲು ನೋಡಿ. ಶಾಲೆಯಲ್ಲಿ "ಎಂಟು ಐದು ಹದಿಮೂರು, ಮೂರು ಬರೆದು ಕೈಯಲ್ಲಿ ಒಂದು" ಅಂತಿದ್ದೆವಲ್ಲ, ಇಲ್ಲೂ ಅದೇ. ಆದರೆ ಹತ್ತಾದಾಗ ಅಲ್ಲ, ಎರಡಾದಾಗಲೇ ಕೈಗೆ ಒಂದು ಬರುತ್ತದೆ. ಶಾಲೆಯಲ್ಲಿ ಅದನ್ನು ದಶಕ ಅಂದೆವು. ಇಲ್ಲಿ ಹತ್ತು ಇಲ್ಲ, ಹಾಗಾಗಿ ಕ್ಯಾರಿ ಅಂತಲೇ ಹೇಳೋಣ.

ಒಂದು ಕಂಬಸಾಲಿನಲ್ಲಿ ಹೆಚ್ಚೆಂದರೆ ಮೂರು ಕವಡೆ ಬರುತ್ತವೆ: ಮೇಲಿನ ಸಂಖ್ಯೆಯದು, ಕೆಳಗಿನದು, ಬಲಗಡೆಯಿಂದ ಬಂದ ಕ್ಯಾರಿಯದು. ಎರಡು ನಿಯಮ ಸಾಕು. ಅಂಗಾತ ಇರುವವು ಬೆಸವಾಗಿದ್ದರೆ, ಅಂದರೆ ಒಂದು ಅಥವಾ ಮೂರಿದ್ದರೆ, ಉತ್ತರದ ಬಿಟ್ 1. ಎರಡು ಅಥವಾ ಹೆಚ್ಚು ಅಂಗಾತ ಇದ್ದರೆ ಎಡಕ್ಕೆ ಕ್ಯಾರಿ 1. ಪುಸ್ತಕದಲ್ಲಿ ಫುಲ್ ಆ್ಯಡರ್ ಅಂತ ದೊಡ್ಡ ಚಿತ್ರ ಬರುತ್ತದಲ್ಲ, ಎರಡು ಎಕ್ಸಾರ್, ಎರಡು ಆ್ಯಂಡ್, ಒಂದು ಆರ್ ಗೇಟ್, ಅದು ಮಾಡುವುದು ಈ ಎರಡೇ ಕೆಲಸ. ಗೇಟ್ ಅಂದರೆ ಬಿಟ್‌ಗಳನ್ನು ತೆಗೆದುಕೊಂಡು ಒಂದು ಬಿಟ್ ಉತ್ತರ ಕೊಡುವ ಪುಟ್ಟ ಸರ್ಕ್ಯೂಟ್. ಎಕ್ಸಾರ್ ಬೆಸವೋ ಸಮವೋ ನೋಡುತ್ತದೆ, ಆ್ಯಂಡ್ ಮತ್ತು ಆರ್ ಸೇರಿ "ಎರಡಾದರೂ ಇದೆಯಾ" ಅಂತ ನೋಡುತ್ತವೆ. 1854ರಲ್ಲಿ ಜಾರ್ಜ್ ಬೂಲ್ ಹೌದು-ಅಲ್ಲ ಎಂಬ ತರ್ಕವನ್ನು ಗಣಿತದ ರೂಪಕ್ಕೆ ತಂದಿದ್ದರು. ಅದನ್ನು ಸ್ವಿಚ್, ರಿಲೇಗಳಿಂದ ಮಾಡಬಹುದು ಅಂತ 1937ರಲ್ಲಿ ಕ್ಲಾಡ್ ಶಾನನ್ ತಮ್ಮ ಮಾಸ್ಟರ್ಸ್ ಪ್ರಬಂಧದಲ್ಲಿ ತೋರಿಸಿದರು.

5ಕ್ಕೆ 6 ಕೂಡಿದರೆ 1011 ಬಂತಾ? 11. ಸರಿ. ಇನ್ನೊಂದು ನಾಲ್ಕೈದು ಲೆಕ್ಕ ಮಾಡಿ, ಕೈಗೆ ರೂಢಿಯಾಗಲಿ. 1111ಕ್ಕೆ 0001 ಕೂಡಿಯೇ ಮುಂದೆ ಹೋಗಿ. ಒಂದು ಕ್ಯಾರಿ ಬಲದಿಂದ ಎಡದ ತುದಿಯವರೆಗೆ ಎಲ್ಲ ಕವಡೆಯನ್ನೂ ಬೋರಲು ಮಾಡುತ್ತ ಹೋಗಿ ಕೊನೆಗೆ ಹಲಗೆಯಿಂದ ಹೊರಗೆ ಬೀಳುತ್ತದೆ. ಉಳಿದದ್ದು 0000. ಈ ಹೊರಗೆ ಬಿದ್ದ ಕವಡೆಯನ್ನು ಎತ್ತಿ ಪಕ್ಕದಲ್ಲಿಡಿ, ಮುಂದೆ ಪೂರ್ತಿ ಕೆಲಸ ಅದರದ್ದೇ.

ಕಳೆಯುವುದು ಅಂದರೆ ತಿರುಗಿಸಿ ಕೂಡುವುದು

ನಿಧಾನವಾಗಿ ಮಾಡಿ. ಯಾವುದಾದರೂ ಸಂಖ್ಯೆ ಇಡಿ, 0011 ಇರಲಿ, ಮೂರು. ಅದರ ಕೆಳಗೆ ಪ್ರತಿ ಕವಡೆಯನ್ನೂ ತಿರುಗಿಸಿ ಇನ್ನೊಂದು ಸಾಲು ಇಡಿ: 1100. ಈಗ ಎರಡು ಸಾಲನ್ನೂ ಒಟ್ಟಿಗೆ ನೋಡಿ. ಪ್ರತಿ ಕಂಬಸಾಲಿನಲ್ಲೂ ಒಂದೇ ಒಂದು ಕವಡೆ ಅಂಗಾತ ಇದೆ. ಎಲ್ಲೂ ಎರಡಿಲ್ಲ, ಎಲ್ಲೂ ಸೊನ್ನೆ ಇಲ್ಲ. ಹಾಗಾಗಿ ಕೂಡಿದರೆ 1111 ಬರಲೇಬೇಕು. ಮೂರರ ಬದಲು ಯಾವ ಸಂಖ್ಯೆ ಇಟ್ಟರೂ ಅಷ್ಟೇ, ಅದು ಮತ್ತು ಅದರ ತಿರುಗಿಸಿದ ಸಾಲು ಸೇರಿದರೆ ಯಾವಾಗಲೂ 1111.

ಅದಕ್ಕೆ ಇನ್ನೊಂದು 1 ಹಾಕಿ. ಏನಾಗುತ್ತದೆ ಅಂತ ಈಗಷ್ಟೇ ನೋಡಿದ್ದೀರಿ. ಎಲ್ಲ ಬೋರಲಾಗಿ, ಒಂದು ಹೊರಗೆ ಬಿದ್ದು, 0000.

ಅಂದರೆ "ತಿರುಗಿಸಿದ್ದು ಮತ್ತು ಒಂದು" ಎಂಬುದನ್ನು ಮೂರಕ್ಕೆ ಕೂಡಿದರೆ ಸೊನ್ನೆ ಬರುತ್ತದೆ. ಮೂರಕ್ಕೆ ಏನು ಕೂಡಿದರೆ ಸೊನ್ನೆ? ಮೈನಸ್ ಮೂರು. ಅಷ್ಟೇ, ಪುಸ್ತಕದಲ್ಲಿ ಟೂಸ್ ಕಾಂಪ್ಲಿಮೆಂಟ್ ಅನ್ನುವುದು ಇದಕ್ಕೇ. ಇದನ್ನು ಹೇಳಿದಾಗ ಅಕ್ಕನ ಮಗಳು ಕವಡೆ ತಿರುಗಿಸುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಳು, ಆಮೇಲೆ ತಾನೇ ಐದು, ಆರು, ಏಳು ಎಲ್ಲ ಹಾಕಿ ನೋಡಿದಳು.

ಈಗ 7ರಿಂದ 3 ಕಳೆಯಿರಿ. 0111 ಇಡಿ, ಕೆಳಗೆ 1100 ಇಡಿ, ಬಲತುದಿಗೆ ಕ್ಯಾರಿ ಅಂತ ಒಂದು ಅಂಗಾತ ಕವಡೆ ಇಟ್ಟು ಶುರು ಮಾಡಿ. ಉತ್ತರ 0100, ನಾಲ್ಕು, ಒಂದು ಕ್ಯಾರಿ ಹೊರಗೆ. ಗಮನಿಸಿ: ಆ "ಒಂದು ಕೂಡಿಸು" ಎಂಬುದಕ್ಕೆ ಇನ್ನೊಂದು ಸಲ ಕೂಡುವ ಕೆಲಸ ಬೇಕಾಗಲಿಲ್ಲ. ಬಲತುದಿಯ ಕಂಬಸಾಲಿನ ಕ್ಯಾರಿ ಜಾಗ ಹೇಗೂ ಖಾಲಿ ಇತ್ತು, ಅಲ್ಲೇ ಕೂರಿಸಿದೆವು. ಚಿಪ್ ಒಳಗೂ ಹಾಗೇ ಮಾಡುತ್ತಾರೆ.

3ರಿಂದ 7 ಕಳೆದರೆ? 0011, ಕೆಳಗೆ 1000, ಜೊತೆಗೆ ಒಂದು. 1100 ಬರುತ್ತದೆ, ಹೊರಗೆ ಏನೂ ಬೀಳುವುದಿಲ್ಲ. 1100ನ್ನು ತಿರುಗಿಸಿ ಒಂದು ಕೂಡಿದರೆ 0100, ಹಾಗಾಗಿ ಇದು ಮೈನಸ್ 4. ಎಡತುದಿಯ ಬಿಟ್ 1 ಇದ್ದರೆ ಮೈನಸ್ ಅಂತ ಓದುವುದು ನಾವು ಮಾಡಿಕೊಂಡ ಒಪ್ಪಂದ. ಹಾಗೆ ಓದಿದರೆ ನಾಲ್ಕು ಬಿಟ್‌ಗೆ ಮೈನಸ್ 8ರಿಂದ 7ರವರೆಗೆ ಜಾಗ.

ಹೊರಗೆ ಬೀಳುವ ಕ್ಯಾರಿಯ ಅರ್ಥದಲ್ಲಿ ತುಂಬಾ ಜನ ಎಡವುತ್ತಾರೆ. ಕಳೆಯುವಾಗ ಕ್ಯಾರಿ ಬಿದ್ದರೆ "ಸಾಲ ಬೇಕಾಗಲಿಲ್ಲ" ಅಂತ ಅರ್ಥ, ಬೀಳದಿದ್ದರೆ ಸಾಲ ತರಬೇಕಾಯಿತು ಅಂತ. ಎಆರ್‌ಎಂ ಪ್ರೊಸೆಸರ್‌ಗಳು ಇದನ್ನು ಇದ್ದ ಹಾಗೇ ಇಡುತ್ತವೆ. ನಮ್ಮ ಲ್ಯಾಬ್‌ಗಳಲ್ಲಿ ಕಲಿಸುವ 8085 ಇದನ್ನು ತಿರುಗಿಸಿ, ಸಾಲ ತಂದಾಗ ಕ್ಯಾರಿ ಫ್ಲ್ಯಾಗ್ ಎಂಬ ಗುರುತಿನ ಬಿಟ್ಟನ್ನು 1 ಮಾಡುತ್ತದೆ. ಎರಡೂ ಸರಿ. ಯಾವುದರ ಮೇಲೆ ಕೆಲಸ ಮಾಡುತ್ತಿದ್ದೀರಿ ಅಂತ ಗೊತ್ತಿರಬೇಕು ಅಷ್ಟೇ.

ಉಕ್ಕಿ ಹರಿದಾಗ

ಮತ್ತೆ 5 ಮತ್ತು 6 ಕೂಡಿ: 1011. ಬರೀ ಎಣಿಕೆಯ ಸಂಖ್ಯೆ ಅಂತ ಓದಿದರೆ 11. ಮೈನಸ್ ಇರುವ ಪದ್ಧತಿಯಲ್ಲಿ ಓದಿದರೆ ಮೈನಸ್ 5! ಎರಡು ಪ್ಲಸ್ ಸಂಖ್ಯೆ ಕೂಡಿ ಮೈನಸ್ ಬಂತು. ಇದು ಓವರ್‌ಫ್ಲೋ. ಕಂಡುಹಿಡಿಯುವ ಉಪಾಯ ಸುಲಭ: ಎಡತುದಿಯ ಕಂಬಸಾಲಿಗೆ ಒಳಗೆ ಬಂದ ಕ್ಯಾರಿಯೂ ಅಲ್ಲಿಂದ ಹೊರಗೆ ಹೋದ ಕ್ಯಾರಿಯೂ ಬೇರೆ ಬೇರೆ ಆಗಿದ್ದರೆ ಉತ್ತರ ಜಾಗ ಮೀರಿದೆ.

ಇದು ನಾಲ್ಕು ಬಿಟ್‌ನ ಆಟದ ಸಮಸ್ಯೆ ಅಂದುಕೊಳ್ಳಬೇಡಿ. 1970ರಿಂದ ಸೆಕೆಂಡ್ ಎಣಿಸುತ್ತ ಬಂದ 32 ಬಿಟ್ ಗಡಿಯಾರ ಇರುವ ಹಳೆ ಯಂತ್ರಗಳು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ 2147483647 ಮುಟ್ಟುತ್ತವೆ. ಮುಂದಿನ ಸೆಕೆಂಡಿಗೆ ಎಡತುದಿಯ ಕವಡೆ ಅಂಗಾತ ಆಗುತ್ತದೆ, ತಾರೀಖು 1901ರ ಡಿಸೆಂಬರ್‌ಗೆ ಹೋಗುತ್ತದೆ. ನಿಮ್ಮ ಹಲಗೆಯ ಮೇಲೆ 0111ಕ್ಕೆ 0001 ಕೂಡಿ, ಅದೇ ಘಟನೆ ಕಣ್ಣೆದುರಿಗೆ ನಡೆಯುತ್ತದೆ.

ಸಾಮಾನು

74ಎಚ್‌ಸಿ283 ಒಂದು, ಇದು ನಾಲ್ಕು ಬಿಟ್ ಆ್ಯಡರ್. 74ಎಚ್‌ಸಿ86 ಎರಡು, ಒಂದೊಂದರಲ್ಲಿ ನಾಲ್ಕು ಎಕ್ಸಾರ್. 74ಎಚ್‌ಸಿ175 ಒಂದು ಮತ್ತು 74ಎಚ್‌ಸಿ14 ಒಂದು, ಇವೆರಡು ಆಮೇಲೆ ಬೇಕು. ಒಂಬತ್ತು ಸಣ್ಣ ಸ್ವಿಚ್, ಎರಡು ಪುಶ್ ಬಟನ್, ಏಳು ಕೆಂಪು ಎಲ್‌ಇಡಿ, 1 ಕಿಲೋ ಓಮ್ ರೆಸಿಸ್ಟರ್ ಏಳು, 10 ಕಿಲೋ ಓಮ್ ಒಂದು ಹನ್ನೆರಡು, ಪ್ರತಿ ಐಸಿಗೆ ಒಂದರಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 1 ಮೈಕ್ರೋಫ್ಯಾರಡ್‌ದು ಒಂದು, ದೊಡ್ಡ ಬ್ರೆಡ್‌ಬೋರ್ಡ್ ಎರಡು. ಊರಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗುವವರ ಹತ್ತಿರ ತರಿಸಿಕೊಳ್ಳಿ, ಇಲ್ಲವೇ ಆನ್‌ಲೈನ್.

ವಿದ್ಯುತ್ತಿಗೆ ಮೂರು ಎಎ ಸೆಲ್ ಸಾಕು, 4.5 ವೋಲ್ಟ್. ಎಚ್‌ಸಿ ಐಸಿಗಳು 2ರಿಂದ 6 ವೋಲ್ಟ್‌ವರೆಗೆ ನಡೆಯುತ್ತವೆ. ಎಲ್‌ಎಸ್ ಜಾತಿಯವು 5 ವೋಲ್ಟ್‌ನ ಆಸುಪಾಸಿನಲ್ಲೇ ಇರಬೇಕು ಅಂತ ಹಟ ಮಾಡುತ್ತವೆ, ಅದಕ್ಕೇ ಎಚ್‌ಸಿ ಹೇಳಿದ್ದು. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ ಅಂತ ನಾನು ಮೊದಲು ಪವರ್ ಬ್ಯಾಂಕ್ ಹಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಎಲ್ಲ ಆರಿಹೋಗುತ್ತಿತ್ತು. ಎಲ್ಲಾದರೂ ಶಾರ್ಟ್ ಆಗಿದೆ ಅಂತ ಎರಡು ಗಂಟೆ ಹುಡುಕಿದೆ. ಶಾರ್ಟ್ ಎಲ್ಲೂ ಇರಲಿಲ್ಲ. ಸರ್ಕ್ಯೂಟ್ ತೀರಾ ಕಡಿಮೆ ಕರೆಂಟ್ ಎಳೆಯುತ್ತಿದ್ದರಿಂದ, ಫೋನ್ ಕಿತ್ತಿದ್ದಾರೆ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಬಂದ್ ಆಗುತ್ತಿತ್ತು.

ವೈರ್ ಹಚ್ಚುವುದು

ಇಲ್ಲಿಂದ ಮುಂದೆ ಐಸಿಗಳನ್ನು ಹೆಸರಿನ ಕೊನೆಯ ಅಂಕೆಗಳಿಂದಷ್ಟೇ ಕರೆಯುತ್ತೇನೆ. 283ರಲ್ಲಿ 16ನೇ ಪಿನ್‌ಗೆ ಪ್ಲಸ್, 8ಕ್ಕೆ ಗ್ರೌಂಡ್. 86ರಲ್ಲಿ 14ಕ್ಕೆ ಪ್ಲಸ್, 7ಕ್ಕೆ ಗ್ರೌಂಡ್. ಪ್ರತಿ ಐಸಿಯ ಪ್ಲಸ್‌ನಿಂದ ಗ್ರೌಂಡಿಗೆ ಹತ್ತಿರದಲ್ಲೇ 0.1ರ ಕೆಪಾಸಿಟರ್.

ಮೊದಲ ಸಂಖ್ಯೆಯ ನಾಲ್ಕು ಸ್ವಿಚ್‌ಗಳು, 1ರ ಬೆಲೆಯಿಂದ 8ರವರೆಗೆ ಕ್ರಮವಾಗಿ, 283ರ 5, 3, 14, 12ನೇ ಪಿನ್‌ಗಳಿಗೆ. ಪಿನ್ ಕ್ರಮ ವಿಚಿತ್ರವಾಗಿದೆ, ಚೀಟಿ ಬರೆದು ಪಕ್ಕಕ್ಕೆ ಅಂಟಿಸಿಕೊಳ್ಳಿ. ಎರಡನೇ ಸಂಖ್ಯೆಯ ಸ್ವಿಚ್‌ಗಳು ನೇರವಾಗಿ 283ಕ್ಕೆ ಹೋಗುವುದಿಲ್ಲ. ಅವು ಮೊದಲ 86ರ 1, 4, 9, 12ಕ್ಕೆ. ಅದೇ 86ರ 2, 5, 10, 13 ನಾಲ್ಕನ್ನೂ ಒಟ್ಟಿಗೆ ಸೇರಿಸಿ ಒಂಬತ್ತನೇ ಸ್ವಿಚ್‌ಗೆ ಕೊಡಿ. ಇದರ ಹೆಸರು ಕಳೆಯುವ ಸ್ವಿಚ್. ಅದೇ ವೈರನ್ನು ಮುಂದುವರಿಸಿ 283ರ 7ನೇ ಪಿನ್‌ಗೂ ಹಚ್ಚಿ, ಅದು ಬಲತುದಿಯ ಕ್ಯಾರಿ. 86ರ ಉತ್ತರಗಳಾದ 3, 6, 8, 11ನ್ನು 283ರ 6, 2, 15, 11ಕ್ಕೆ ಕ್ರಮವಾಗಿ ಒಯ್ಯಿರಿ.

ಇಲ್ಲಿ ಒಂದು ನಿಮಿಷ ನಿಂತು ನೋಡಿ. ಎಕ್ಸಾರ್‌ನ ಒಂದು ಕಾಲಿಗೆ 0 ಕೊಟ್ಟರೆ ಇನ್ನೊಂದು ಕಾಲಿನದು ಹಾಗೇ ದಾಟುತ್ತದೆ, 1 ಕೊಟ್ಟರೆ ತಿರುಗಿ ಬರುತ್ತದೆ. ಜಗಲಿಯಲ್ಲಿ ಬೆರಳಿನಿಂದ ಕವಡೆ ತಿರುಗಿಸಿದ ಕೆಲಸವನ್ನೂ, ಬಲತುದಿಗೆ ಒಂದು ಕವಡೆ ಇಟ್ಟ ಕೆಲಸವನ್ನೂ ಆ ಒಂದೇ ಸ್ವಿಚ್ ಒಟ್ಟಿಗೆ ಮಾಡುತ್ತದೆ. ನನಗೆ ಇಡೀ ಕಂಪ್ಯೂಟರ್ ವಿಷಯದಲ್ಲಿ ಇದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಉತ್ತರದ ಎಲ್‌ಇಡಿಗಳು 283ರ 4, 1, 13, 10ರಿಂದ, ಹೊರ ಕ್ಯಾರಿ 9ರಿಂದ, ಪ್ರತಿಯೊಂದಕ್ಕೂ 1 ಕಿಲೋ ಓಮ್ ಹಾಕಿ ಗ್ರೌಂಡಿಗೆ.

ಸ್ವಿಚ್‌ಗಳು ಒಂದು ಬದಿ ಪ್ಲಸ್‌ಗೆ, ಇನ್ನೊಂದು ಬದಿ ಐಸಿಗೆ, ಐಸಿ ಬದಿಯಿಂದ 10 ಕಿಲೋ ಓಮ್ ಗ್ರೌಂಡಿಗೆ. ಈ ರೆಸಿಸ್ಟರ್ ಬಿಡಬೇಡಿ. ಒಂದು ಸ್ವಿಚ್‌ಗೆ ನಾನು ಬಿಟ್ಟಿದ್ದೆ. ಉತ್ತರ ಒಮ್ಮೆ 9, ಒಮ್ಮೆ 13, ಕೈ ಹತ್ತಿರ ತಂದರೆ ಬದಲಾಗುತ್ತಿತ್ತು, ಮುಟ್ಟುವುದೂ ಬೇಡ. ತೆರೆದ ಸ್ವಿಚ್ 0 ಕೊಡುತ್ತದೆ ಅಂದುಕೊಂಡಿದ್ದೆ, ನಿಜವಾಗಿ ಅದು ಏನನ್ನೂ ಕೊಡುವುದಿಲ್ಲ, ಎಚ್‌ಸಿ ಐಸಿಯ ಕಾಲು ಗಾಳಿಯಲ್ಲಿ ತೇಲುತ್ತ ಸಿಕ್ಕಿದ್ದನ್ನು ಹಿಡಿಯುತ್ತದೆ. ಬಳಸದ ಗೇಟ್‌ಗಳ ಇನ್‌ಪುಟ್ ಕಾಲುಗಳನ್ನೂ ಗ್ರೌಂಡಿಗೆ ಕಟ್ಟಿಬಿಡಿ.

ಪರೀಕ್ಷೆ ಹೀಗೆ ಮಾಡಿ. ಎರಡನೇ ಸಂಖ್ಯೆ 0 ಇಟ್ಟು ಮೊದಲನೆಯದರಲ್ಲಿ 1, 2, 4, 8 ಒಂದೊಂದೇ ಹಾಕಿ. ಆಮೇಲೆ ಅದಲುಬದಲು ಮಾಡಿ. ವೈರ್ ಅದಲುಬದಲಾಗಿದ್ದರೆ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ನಂತರ 15ಕ್ಕೆ 1 ಕೂಡಿ, ಕ್ಯಾರಿ ಪೂರ್ತಿ ಓಡುತ್ತದಾ ನೋಡಿ. ಕೊನೆಗೆ ಎರಡೂ ಸೊನ್ನೆ ಮಾಡಿ ಕಳೆಯುವ ಸ್ವಿಚ್ ಹಾಕಿ. 0000 ಬಂದು ಹೊರ ಕ್ಯಾರಿ ಹೊತ್ತಿದರೆ ಸರಿ. 1111 ಬಂದರೆ 7ನೇ ಪಿನ್‌ಗೆ ವೈರ್ ತಲುಪಿಲ್ಲ, ತಿರುಗಿಸಿದ್ದೀರಿ ಆದರೆ ಒಂದು ಕೂಡಿಲ್ಲ.

ಎರಡನೇ 86: ಯಾವುದು ದೊಡ್ಡದು?

ಓವರ್‌ಫ್ಲೋ ಕಂಡುಹಿಡಿಯಲು ಎಡತುದಿಗೆ ಒಳಬಂದ ಕ್ಯಾರಿ ಬೇಕು ಅಂದೆನಲ್ಲ. ಅದು 283ರ ಹೊಟ್ಟೆಯೊಳಗೇ ಇದೆ, ಹೊರಗೆ ಪಿನ್ ಇಲ್ಲ. ಆದರೆ ಉತ್ತರದ ಬಿಟ್ ಅಂದರೆ ಮೂರು ಕವಡೆಗಳ ಬೆಸ-ಸಮ. ಎರಡು ಕವಡೆ ಗೊತ್ತು, ಉತ್ತರ ಗೊತ್ತು, ಹಾಗಾದರೆ ಮೂರನೆಯದನ್ನು ಎಕ್ಸಾರ್‌ನಿಂದಲೇ ವಾಪಸ್ ತೆಗೆಯಬಹುದು.

ಎರಡನೇ 86ರ 1, 2ಕ್ಕೆ 283ರ 12 ಮತ್ತು 11ನ್ನು ಕೊಡಿ. ಅದರ ಉತ್ತರ 3ನ್ನು 4ಕ್ಕೆ, 283ರ 10ನ್ನು 5ಕ್ಕೆ. ಈಗ 6ರಲ್ಲಿ ಬರುವುದೇ ಆ ಒಳಗಿನ ಕ್ಯಾರಿ. 6ನ್ನು 9ಕ್ಕೆ, ಹೊರ ಕ್ಯಾರಿಯನ್ನು 10ಕ್ಕೆ. 8ರಲ್ಲಿ ಓವರ್‌ಫ್ಲೋ, ಅದಕ್ಕೊಂದು ಎಲ್‌ಇಡಿ. ಇನ್ನೂ ಒಂದು ಗೇಟ್ ಉಳಿಯಿತಲ್ಲ, ಅದಕ್ಕೆ 12ರಲ್ಲಿ ಓವರ್‌ಫ್ಲೋ, 13ರಲ್ಲಿ ಉತ್ತರದ ಎಡತುದಿ ಬಿಟ್ ಕೊಡಿ. ಕಳೆಯುವಾಗ 11ರ ಎಲ್‌ಇಡಿ ಹೊತ್ತಿದರೆ ಮೊದಲ ಸಂಖ್ಯೆ ಎರಡನೆಯದಕ್ಕಿಂತ ಚಿಕ್ಕದು, ಮೈನಸ್ ಸಂಖ್ಯೆಗಳನ್ನೂ ಲೆಕ್ಕಕ್ಕೆ ಹಿಡಿದು.

ಮೈನಸ್ 6ರಿಂದ 5 ಕಳೆದು ನೋಡಿ: 1010 ಮತ್ತು 0101. ಉತ್ತರ 0101, ಅಂದರೆ ಪ್ಲಸ್ 5. ನಿಜವಾದ ಉತ್ತರ ಮೈನಸ್ 11, ಅದಕ್ಕೆ ನಾಲ್ಕು ಬಿಟ್‌ನಲ್ಲಿ ಜಾಗವಿಲ್ಲ. ಓವರ್‌ಫ್ಲೋ ಹೊತ್ತಿದೆ, ಉತ್ತರ ತಪ್ಪು. ಆದರೂ "ಚಿಕ್ಕದು" ಎಂಬ ಎಲ್‌ಇಡಿ ಸರಿಯಾಗೇ ಹೊತ್ತಿರುತ್ತದೆ. ನೀವು ಬರೆಯುವ ಪ್ರೋಗ್ರಾಮ್‌ನ ಪ್ರತಿಯೊಂದು "ಇದು ಅದಕ್ಕಿಂತ ಚಿಕ್ಕದಿದ್ದರೆ" ಎಂಬ ಸಾಲಿನ ಕೆಳಗೆ ಇಂಥ ಒಂದು ಲೆಕ್ಕ ಇರುತ್ತದೆ.

ಗಜನಿಯ ಬಾಗಿಲು ಮತ್ತು ರಿಜಿಸ್ಟರ್

ಇಲ್ಲಿಯವರೆಗೆ ಕಟ್ಟಿದ್ದು ಲೆಕ್ಕದ ಯಂತ್ರ. ಹಿಂದಿನ ಉತ್ತರ ನೆನಪಿಟ್ಟು ಅದಕ್ಕೆ ಇನ್ನೊಂದು ಕೂಡಬೇಕು ಅಂದರೆ ಉತ್ತರವನ್ನು ವಾಪಸ್ ಮೊದಲ ಸಂಖ್ಯೆಯ ಜಾಗಕ್ಕೆ ತರಬೇಕು. ನೇರವಾಗಿ ವೈರ್ ಹಾಕಿದರೆ? ಉತ್ತರ ಒಳಗೆ ಹೋಗಿ ಹೊಸ ಉತ್ತರ, ಅದೂ ಒಳಗೆ ಹೋಗಿ ಇನ್ನೊಂದು, ಎಲ್ಲೂ ನಿಲ್ಲುವುದೇ ಇಲ್ಲ.

ಅಘನಾಶಿನಿ ಹೊಳೆ ಬದಿಯ ಗಜನಿ, ಅಂದರೆ ಉಬ್ಬರದ ನೀರು ಬರುವ ಗದ್ದೆ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಉಬ್ಬರದ ಉಪ್ಪುನೀರು ಸುಮ್ನೆ ಒಳಗೆ ನುಗ್ಗಿ ಹೊರಗೆ ಹೋಗುತ್ತಿದ್ದರೆ ಕಗ್ಗ ಭತ್ತ ಬೆಳೆಯುವುದಕ್ಕಾಗುವುದಿಲ್ಲ. ಕಟ್ಟೆಗೆ ಬಾಗಿಲು ಇರುತ್ತದೆ. ನೀರಿನ ಹೊತ್ತು ನೋಡಿ ತೆಗೆಯುತ್ತಾರೆ, ಬೇಕಾದಷ್ಟು ಆದಮೇಲೆ ಹಾಕುತ್ತಾರೆ, ಆಮೇಲೆ ಹೊರಗೆ ಹೊಳೆ ಏರಲಿ ಇಳಿಯಲಿ ಒಳಗಿನ ನೀರು ಅಷ್ಟೇ ಇರುತ್ತದೆ. ರಿಜಿಸ್ಟರ್ ಅಂದರೆ ಆ ಬಾಗಿಲು, ಕ್ಲಾಕ್ ಅಂದರೆ ಅದನ್ನು ತೆಗೆಯುವ ಹೊತ್ತು. 175ರಲ್ಲಿ ಆ ಬಾಗಿಲು ಕ್ಲಾಕ್ 0ಯಿಂದ 1ಕ್ಕೆ ಏರುವ ಕ್ಷಣ ಮಾತ್ರ ತೆರೆಯುತ್ತದೆ.

ಮೊದಲ ಸಂಖ್ಯೆಯ ನಾಲ್ಕು ಸ್ವಿಚ್ ಪೂರ್ತಿ ಕಿತ್ತುಬಿಡಿ. ಬಿಟ್ಟರೆ ಸ್ವಿಚ್ ಮತ್ತು ರಿಜಿಸ್ಟರ್ ಎದುರುಬದುರು ಜಗ್ಗಾಡಿ ಐಸಿ ಸುಡಬಹುದು. 175ರ 16 ಪ್ಲಸ್, 8 ಗ್ರೌಂಡ್. 283ರ ಉತ್ತರ 4, 1, 13, 10ನ್ನು 175ರ 4, 5, 12, 13ಕ್ಕೆ. 175ರ 2, 7, 10, 15ನ್ನು 283ರ 5, 3, 14, 12ಕ್ಕೆ. 175ರ 1ನೇ ಪಿನ್ ಸೊನ್ನೆ ಮಾಡುವುದು: 10 ಕಿಲೋ ಓಮ್‌ನಿಂದ ಪ್ಲಸ್‌ಗೆ ಕಟ್ಟಿ, ಒತ್ತಿದರೆ ಗ್ರೌಂಡಾಗುವಂತೆ ಬಟನ್ ಹಾಕಿ.

ಕ್ಲಾಕ್ ಬಟನ್ನನ್ನು ನೇರವಾಗಿ 9ನೇ ಪಿನ್‌ಗೆ ಹಚ್ಚಬೇಡಿ. ಬಟನ್ ಒಳಗಿನ ತಗಡು ಒಮ್ಮೆ ಒತ್ತಿದರೂ ಹಲವು ಸಲ ಪುಟಿಯುತ್ತದೆ, ಒಂದು ಸಲ ಕೂಡಬೇಕಾದಲ್ಲಿ ನಾಲ್ಕು ಸಲ ಕೂಡಿಬಿಡುತ್ತದೆ. 74ಎಚ್‌ಸಿ14ರ 1ನೇ ಪಿನ್‌ಗೆ 10 ಕಿಲೋ ಓಮ್ ಪ್ಲಸ್‌ನಿಂದ, ಅಲ್ಲಿಂದಲೇ ಬಟನ್ ಗ್ರೌಂಡಿಗೆ, ಬಟನ್‌ಗೆ ಅಡ್ಡವಾಗಿ 1 ಮೈಕ್ರೋಫ್ಯಾರಡ್. ಅದರ 2ನೇ ಪಿನ್ 175ರ 9ಕ್ಕೆ. ಕೆಪಾಸಿಟರ್ ಆ ಪುಟಿತವನ್ನು ನುಂಗುತ್ತದೆ, ಐಸಿ ಅದನ್ನು ಒಂದೇ ಶುದ್ಧ ಏರಿಕೆ ಮಾಡಿ ಕೊಡುತ್ತದೆ. ಈ ಐಸಿಯ 14ನೇ ಪಿನ್‌ಗೆ ಪ್ಲಸ್, 7ನೇ ಪಿನ್‌ಗೆ ಗ್ರೌಂಡ್ ಮರೆಯಬೇಡಿ.

ಈಗ ನೀವೇ ಕಂಟ್ರೋಲ್ ಯೂನಿಟ್

ಸೊನ್ನೆ ಬಟನ್ ಒತ್ತಿ. ಎರಡನೇ ಸಂಖ್ಯೆಯ ಸ್ವಿಚ್‌ನಲ್ಲಿ 3 ಇಡಿ, ಕ್ಲಾಕ್ ನಾಲ್ಕು ಸಲ ಒತ್ತಿ. ರಿಜಿಸ್ಟರ್‌ನಲ್ಲಿ 12. ಗುಣಾಕಾರ ಆಯಿತು. ಎಲ್‌ಇಡಿಗಳು ತೋರಿಸುವುದು ಮುಂದಿನ ಉತ್ತರ 15, ರಿಜಿಸ್ಟರ್‌ನಲ್ಲಿ ಇರುವುದನ್ನು ನೋಡಬೇಕಾದರೆ ಎರಡನೇ ಸಂಖ್ಯೆಯ ಸ್ವಿಚ್‌ಗಳನ್ನು 0 ಮಾಡಿ.

ಒಂದು ಕಾಗದದಲ್ಲಿ ಸಾಲುಸಾಲಾಗಿ ಬರೆದುಕೊಳ್ಳಿ: ಕಳೆಯುವ ಸ್ವಿಚ್ ಹೇಗಿರಬೇಕು, ನಾಲ್ಕು ಬಿಟ್ ಏನಿರಬೇಕು. ಒಂದು ಸಾಲಿಗೆ ಐದು ಬಿಟ್. ಅದು ನಿಮ್ಮ ಇನ್‌ಸ್ಟ್ರಕ್ಷನ್. ಸಾಲು ಓದಿ, ಸ್ವಿಚ್ ಇಟ್ಟು, ಕ್ಲಾಕ್ ಒತ್ತಿ ಮುಂದಿನ ಸಾಲಿಗೆ ಹೋಗುವ ನಿಮ್ಮ ಕೆಲಸವನ್ನು ಒಂದು ಕೌಂಟರ್ ಮತ್ತು ಒಂದು ಮೆಮೊರಿ ಚಿಪ್‌ಗೆ ಒಪ್ಪಿಸಿದರೆ ಅದು ಪ್ರೊಸೆಸರ್. 1971ರಲ್ಲಿ ಬಂದ ಇಂಟೆಲ್ 4004 ಕೂಡ ನಾಲ್ಕು ಬಿಟ್‌ನದೇ, ಸುಮಾರು 2300 ಟ್ರಾನ್ಸಿಸ್ಟರ್.

ಕೊನೆಗೆ ಭಾಗಾಕಾರ ಮಾಡಿ, 13 ಭಾಗಿಸು 3. ಸೊನ್ನೆ ಒತ್ತಿ, 1101 ಇಟ್ಟು ಒಮ್ಮೆ ಕ್ಲಾಕ್ ಒತ್ತಿ, ರಿಜಿಸ್ಟರ್‌ನಲ್ಲಿ 13 ಕೂತಿತು. ಈಗ 0011 ಇಟ್ಟು ಕಳೆಯುವ ಸ್ವಿಚ್ ಹಾಕಿ. ಕ್ಲಾಕ್ ಒತ್ತುವ ಮೊದಲು ಪ್ರತಿ ಸಲ ಹೊರ ಕ್ಯಾರಿಯ ಎಲ್‌ಇಡಿ ನೋಡಿ. ಬಾಗಿಲು ಇನ್ನೂ ಹಾಕಿಯೇ ಇದ್ದರೂ ಲೆಕ್ಕ ಆಗಲೇ ಮುಗಿದು ಬಾಗಿಲ ಹೊರಗೆ ಕಾಯುತ್ತಿರುತ್ತದೆ, ಹಾಗಾಗಿ ಮುಂದೆ ಸಾಲ ಬೇಕಾಗುತ್ತದಾ ಅಂತ ಮೊದಲೇ ಗೊತ್ತಾಗುತ್ತದೆ. ಹೊತ್ತಿದ್ದರೆ ಒತ್ತಿ, ಹಲಗೆಯ ಮೇಲೆ ಒಂದು ಕವಡೆ ಇಡಿ. 10, 7, 4, 1. ನಾಲ್ಕು ಕವಡೆ ಆದವು. ಈಗ ಎಲ್‌ಇಡಿ ಆರಿದೆ, ಇನ್ನು ಒತ್ತಬೇಡಿ. ಭಾಗಲಬ್ಧ ಹಲಗೆಯ ಮೇಲಿದೆ, ಶೇಷ ರಿಜಿಸ್ಟರ್‌ನಲ್ಲಿದೆ.